‘ಅಡ್ಜಸ್ಟ್ ಮಾಡ್ಕೊಳ್ಳಿ’ ಅನ್ನುವವರ ವ್ಯಾಕರಣ

ಬೆಂಗಳೂರಿನ ಬಗ್ಗೆ ಪ್ರೀತಿಯಿಂದ ಬರೆಯುವವರೆಲ್ಲ ಒಂದಲ್ಲ ಒಂದು ಕಡೆ ‘ಸ್ವಲ್ಪ ಅಡ್ಜಸ್ಟ್ ಮಾಡಿ’ ಎಂಬ ಮಾತನ್ನು ತಂದೇ ತರುತ್ತಾರೆ. ಟೀ ಶರ್ಟಿನ ಮೇಲೆ, ಕಾಫಿ ಕಪ್ಪಿನ ಮೇಲೆ, ಆಟೋ ಹಿಂಭಾಗದಲ್ಲಿ ಅದು ಅಚ್ಚಾಗಿದೆ. ಹೊರಗಿನಿಂದ ಬಂದವರು ಕಲಿಯುವ ಮೊದಲ ಕನ್ನಡ ವಾಕ್ಯಗಳಲ್ಲಿ ಅದೂ ಒಂದು. (ಆ ಮೂರು ಪದಗಳಲ್ಲಿ ಒಂದು ಸಂಸ್ಕೃತದ್ದು, ಒಂದು ಇಂಗ್ಲಿಷಿನದು, ಕನ್ನಡದ್ದು ಅಂತ ಉಳಿಯುವುದು ಕೊನೆಯ ‘ಮಾಡಿ’ ಮಾತ್ರ. ಇರಲಿ.) ಇದು ನಮ್ಮ ಊರಿನ ಉದಾರತೆ, ಇದು ಕನ್ನಡಿಗರ ದೊಡ್ಡ ಗುಣ, ಈ ಮಾತಿನಿಂದಲೇ ಇಷ್ಟು ಜನ ಇಷ್ಟು ಇಕ್ಕಟ್ಟಿನಲ್ಲಿ ನೆಮ್ಮದಿಯಾಗಿದ್ದಾರೆ ಎಂದೆಲ್ಲ ಹೊಗಳಿಕೆ ನಡೆಯುತ್ತದೆ. ಈ ಹೊಗಳಿಕೆಯ ಜೊತೆ ನನ್ನದೊಂದು ಜಗಳವಿದೆ.

ಜಗಳ ಶುರುವಾಗುವುದು ಕೊನೆಯ ಪದದಿಂದಲೇ. ಟೀ ಶರ್ಟಿನ ಮೇಲಿರುವುದು ‘ಮಾಡಿ’. ಬದುಕಿನಲ್ಲಿ ನಮ್ಮ ಕಿವಿಗೆ ಬೀಳುವುದು ‘ಮಾಡ್ಕೊಳ್ಳಿ’. ನೀರು ಎರಡು ದಿನಕ್ಕೊಮ್ಮೆ ಬರುತ್ತದೆ ಎಂದಾಗ ಪೀಜಿಯ ಮಾಲೀಕರು ಹೇಳುವುದು ‘ಅಡ್ಜಸ್ಟ್ ಮಾಡ್ಕೊಳ್ಳಿ’. ಶಿಷ್ಯವೇತನ ಏಳು ತಿಂಗಳಿಂದ ಬಂದಿಲ್ಲ ಎಂದು ಕೇಳಿದರೆ ಗುಮಾಸ್ತರು ತಲೆಯೆತ್ತದೆ ಹೇಳುವುದೂ ಅದನ್ನೇ. ಮದುವೆಯಾಗಿ ಹೋದ ಗೆಳತಿಗೆ ಅವಳ ತಾಯಿ ಫೋನಿನಲ್ಲಿ ಹೇಳುವುದು ‘ಅಡ್ಜಸ್ಟ್ ಮಾಡ್ಕೊ, ಎಲ್ಲಾ ಸರಿಹೋಗತ್ತೆ’. ಟೀ ಶರ್ಟು ಮಾಡಿದವರು ಬಿಟ್ಟುಬಿಟ್ಟ ಆ ‘ಕೊಳ್ಳಿ’ಯಲ್ಲೇ ಎಲ್ಲ ಸಂಗತಿಯೂ ಅಡಗಿದೆ ಎನ್ನುವುದು ನನ್ನ ವಾದ.

ಮೊದಲು ಈ ಕ್ರಿಯಾಪದವನ್ನು ನಾವು ಹೇಗೆ ಕಲಿಯುತ್ತೇವೆ ನೋಡಿ. ವಿಜಯನಗರ, ಚಂದ್ರಾ ಲೇಔಟ್, ಅತ್ತಿಗುಪ್ಪೆಯ ಸುತ್ತಮುತ್ತ ಸ್ಪರ್ಧಾತ್ಮಕ ಪರೀಕ್ಷೆಗಳ ತರಬೇತಿ ಕೇಂದ್ರಗಳು ಬೀದಿಬೀದಿಗೆ ಇವೆ. ರಾಯಚೂರು, ಯಾದಗಿರಿ, ವಿಜಯಪುರ, ಚಾಮರಾಜನಗರದಿಂದ ಬಂದ ಹುಡುಗ ಹುಡುಗಿಯರು ಅಲ್ಲೇ ಪೀಜಿಗಳಲ್ಲಿದ್ದು ಓದುತ್ತಾರೆ. ಅಂಥ ಒಂದು ಕೇಂದ್ರದಲ್ಲಿ ನಾನು ಎರಡು ವರ್ಷ ಸಂಜೆ ಹೊತ್ತು ಇಂಗ್ಲಿಷ್ ವ್ಯಾಕರಣ ಹೇಳಿಕೊಟ್ಟಿದ್ದೇನೆ. ಅಲ್ಲಿ ಕ್ರಿಯಾಪದ ಎಂದರೆ ಒಂದು ಪಟ್ಟಿ. ಮೊದಲ ರೂಪ, ಎರಡನೆಯ ರೂಪ, ಮೂರನೆಯ ರೂಪ, ಪಕ್ಕದಲ್ಲಿ ಕನ್ನಡದ ಒಂದೇ ಒಂದು ಅರ್ಥ. ‘ಅಡ್ಜಸ್ಟ್, ಅಡ್ಜಸ್ಟೆಡ್, ಅಡ್ಜಸ್ಟೆಡ್: ಹೊಂದಿಕೊಳ್ಳು.’ ಮುಂದಿನ ಪದಕ್ಕೆ ಹೋಗಿ.

ಇಂಗ್ಲಿಷ್ ನಿಘಂಟು ತೆರೆದರೆ ಮೊದಲ ಅರ್ಥ ಇದಲ್ಲ. ಒಂದು ವಸ್ತುವನ್ನು ಸರಿಯಾದ ಸ್ಥಾನಕ್ಕೆ, ಸರಿಯಾದ ಅಳತೆಗೆ ತರುವುದು ಅದರ ಮೊದಲ ಅರ್ಥ. ಅಂದರೆ ಹೊಂದಿಸು, ಸರಿಪಡಿಸು. ಅದು ಸಕರ್ಮಕ ಧಾತು. ಕನ್ನಡಕ ಸರಿಪಡಿಸುತ್ತೇವೆ, ಗಡಿಯಾರದ ಮುಳ್ಳು ಸರಿಪಡಿಸುತ್ತೇವೆ, ಲೆಕ್ಕ ಸರಿಪಡಿಸುತ್ತೇವೆ. ‘ಹೊಂದಿಕೊಳ್ಳು’ ಅನ್ನುವುದು ಆಮೇಲಿನ ಅರ್ಥ. ನಮ್ಮ ಪಟ್ಟಿಯಲ್ಲಿ ಹಿಂದಿನದು ಅಳಿಸಿಹೋಗಿ ಇದೊಂದೇ ಉಳಿದಿದೆ. ಪರೀಕ್ಷೆಗೆ ಓದುವ ಹುಡುಗಿಯೊಬ್ಬಳು ಹೀಗೆ ಕಲಿಯುತ್ತಾಳೆ: ಲೋಕದಲ್ಲಿ ಅಡ್ಜಸ್ಟ್ ಎಂಬ ಕ್ರಿಯೆ ಇದೆ, ಅದನ್ನು ನಾನು ನನ್ನ ಮೇಲೆಯೇ ಮಾಡಿಕೊಳ್ಳಬೇಕು. ಲೋಕವನ್ನು ಕೊಂಚ ಸರಿಪಡಿಸುವುದಕ್ಕೂ ಇದೇ ಧಾತು ಬಳಕೆಯಾಗುತ್ತದೆ ಎಂದು ಅವಳಿಗೆ ಯಾರೂ ಹೇಳುವುದಿಲ್ಲ. ಶಾಲೆಯಲ್ಲಿ ಕರ್ತೃ, ಕರ್ಮ, ಕ್ರಿಯೆ ಎಂದು ಬಾಯಿಪಾಠ ಮಾಡಿದವರು ನಾವು. ಕರ್ಮ ಕಾಣೆಯಾದ ವಾಕ್ಯದಲ್ಲಿ ಕರ್ತೃವೇ ಕರ್ಮವಾಗಿಬಿಡುತ್ತಾನೆ; ಆಗ ‘ಏನ್ ಮಾಡೋದು, ನಮ್ಮ ಕರ್ಮ’ ಅನ್ನುತ್ತೇವಲ್ಲ, ಅದು ವ್ಯಾಕರಣದ ಪ್ರಕಾರವೂ ಸರಿಯೇ.

ಪ್ರಜಾವಾಣಿಯಲ್ಲಿ ಜಿ. ವೆಂಕಟಸುಬ್ಬಯ್ಯನವರು ವರ್ಷಾನುಗಟ್ಟಲೆ ನಡೆಸಿದ ‘ಇಗೋ ಕನ್ನಡ’ ಅಂಕಣ ನೆನಪಾಗುತ್ತದೆ. ಓದುಗರು ಒಂದು ಪದದ ಅರ್ಥ ಕೇಳಿದರೆ ಅದರ ಮೂಲ, ಅದು ಬಳಕೆಯಾಗುವ ಬಗೆ ಎಲ್ಲವನ್ನೂ ಬಿಡಿಸಿ ಹೇಳುವುದು ಅವರ ರೀತಿ. ಕನ್ನಡ ಪದಗಳಿಗೆ ಸಿಕ್ಕ ಆ ಗೌರವವನ್ನು ನಾವು ದಿನಬೆಳಗಾದರೆ ಬಳಸುವ ಇಂಗ್ಲಿಷ್ ಪದಗಳಿಗೆ ಕೊಟ್ಟಿಲ್ಲ. ಅವು ಬಾಡಿಗೆಗೆ ಬಂದವು, ಅವುಗಳ ಜಾತಕ ನಮಗೇಕೆ ಎಂಬ ಭಾವನೆ. ಆದರೆ ‘ಅಡ್ಜಸ್ಟ್’ ಬಾಡಿಗೆ ಮನೆ ಬಿಟ್ಟು ಎಷ್ಟೋ ಕಾಲವಾಯಿತು. ಅದಕ್ಕೀಗ ಇಲ್ಲೇ ಸ್ವಂತ ಮನೆಯಿದೆ.

ಅದರ ಮೂಲದ ಕಥೆ ಸ್ವಾರಸ್ಯವಾಗಿದೆ. ಸ್ಪೋಕನ್ ಇಂಗ್ಲಿಷ್ ತರಗತಿಗಳಲ್ಲಿ, ವ್ಯಕ್ತಿತ್ವ ವಿಕಸನದ ಭಾಷಣಗಳಲ್ಲಿ ಈ ಪದವನ್ನು ಎರಡು ತುಂಡು ಮಾಡಿ ತೋರಿಸುವುದುಂಟು: ‘ಆಡ್’ ಎಂದರೆ ಕಡೆಗೆ, ‘ಜಸ್ಟ್’ ಎಂದರೆ ನ್ಯಾಯ, ಹಾಗಾಗಿ ಅಡ್ಜಸ್ಟ್ ಮಾಡಿಕೊಳ್ಳುವವನು ನ್ಯಾಯದ ಕಡೆ ನಡೆಯುವವನು. ಕೇಳಲು ಚೆಂದ, ಚಪ್ಪಾಳೆಯೂ ಬೀಳುತ್ತದೆ. ಆದರೆ ನಿಘಂಟುಕಾರರು ಹೇಳುವ ದಾರಿ ಬೇರೆ. ಪದ ಹುಟ್ಟಿದ್ದು ಲ್ಯಾಟಿನ್ನಿನ ‘ಯುಕ್ಸ್‌ಟಾ’ ಎಂಬುದರಿಂದ. ಯುಕ್ಸ್‌ಟಾ ಎಂದರೆ ಪಕ್ಕದಲ್ಲಿ, ಹತ್ತಿರದಲ್ಲಿ. ಹತ್ತಿರಕ್ಕೆ ತರು ಎಂಬ ಅರ್ಥದ ಒಂದು ತಡವಾದ ಲ್ಯಾಟಿನ್ ರೂಪ ಹಳೆಯ ಫ್ರೆಂಚಿಗೆ ಬಂತು, ಅಲ್ಲಿಂದ ಇಂಗ್ಲಿಷಿಗೆ. ನಡುವೆ ಫ್ರೆಂಚರು ಇದು ‘ಜಸ್ಟ್’ನಿಂದ ಬಂದದ್ದಿರಬೇಕು ಎಂದು ತಪ್ಪು ತಿಳಿದು ಕಾಗುಣಿತವನ್ನೇ ಆ ಕಡೆಗೆ ತಿರುಗಿಸಿದರು. ನ್ಯಾಯಕ್ಕೂ ಈ ಪದಕ್ಕೂ ರಕ್ತಸಂಬಂಧವಿಲ್ಲ. ಆಮೇಲೆ ಅಂಟಿಸಿದ ಹೆಸರುಪಟ್ಟಿ ಅದು.

ಇದರ ನಿಜವಾದ ನೆಂಟರು ಯಾರು ಗೊತ್ತೇ? ಇಂಗ್ಲಿಷಿನ ‘ಜೌಸ್ಟ್’. ನಡುಗಾಲದ ಯುರೋಪಿನಲ್ಲಿ ಕುದುರೆ ಏರಿದ ಇಬ್ಬರು ವೀರರು ಈಟಿ ಹಿಡಿದು ಎದುರುಬದುರು ನುಗ್ಗುತ್ತಿದ್ದರಲ್ಲ, ಆ ಕಾಳಗ. ಹತ್ತಿರ ಬರುವುದು ಎಂಬ ಅದೇ ಬೇರು, ಆದರೆ ಕಾದುವುದಕ್ಕಾಗಿ. ಅದರ ಮಗು ‘ಜಾಸಲ್’, ಅಂದರೆ ನೂಕುನುಗ್ಗಲು. ಸಂಜೆ ಆರರ ಹೊತ್ತಿಗೆ ಮೆಜೆಸ್ಟಿಕ್ಕಿನಲ್ಲಿ ಕೆಂಗೇರಿ ಬಸ್ಸು ಹತ್ತಿದವರಿಗೆ ಈ ಅಣ್ಣತಮ್ಮಂದಿರು ಒಂದೇ ಮನೆಯವರು ಎಂದು ಬಿಡಿಸಿ ಹೇಳಬೇಕಿಲ್ಲ. ಇನ್ನೂ ಹಿಂದಕ್ಕೆ ಹೋದರೆ ಕೂಡಿಸು ಎಂಬ ಅರ್ಥದ ಒಂದು ಪುರಾತನ ಬೇರು ಸಿಗುತ್ತದೆ. ಸಂಸ್ಕೃತದ ‘ಯುಜ್’, ಅದರಿಂದ ಬಂದ ‘ಯೋಗ’ ಅದರದ್ದೇ. ಇಂಗ್ಲಿಷಿನ ‘ಯೋಕ್’ ಕೂಡ, ಅಂದರೆ ನೊಗ. ಒಂದೇ ಬೇರಿನಲ್ಲಿ ಯೋಗವೂ ಇದೆ, ನೊಗವೂ ಇದೆ, ಎದೆಗೆ ಗುರಿಯಿಟ್ಟ ಈಟಿಯೂ ಇದೆ. ನಮಗೆ ಹೇಳಿಕೊಟ್ಟದ್ದು ಮಾತ್ರ ತಲೆ ಬಾಗಿಸುವುದನ್ನು.

ಅರ್ಥದ ಇತಿಹಾಸವೂ ಗಮನಿಸುವಂಥದ್ದೇ. ಇಂಗ್ಲಿಷಿನಲ್ಲಿ ಈ ಧಾತು ಶತಮಾನಗಳ ಕಾಲ ಹೊರಗಿನ ವಸ್ತುಗಳ ಮೇಲೆ ಕೆಲಸ ಮಾಡಿತು: ವ್ಯಾಜ್ಯ, ಲೆಕ್ಕಪತ್ರ, ಉಪಕರಣ. 18ನೇ ಶತಮಾನದಲ್ಲಿ ವಿಮೆಯ ಲೋಕಕ್ಕೆ ಹೋಯಿತು. ನಷ್ಟ ಎಷ್ಟು, ಪರಿಹಾರ ಎಷ್ಟು ಎಂದು ತೀರ್ಮಾನಿಸುವವನು ಇಂದಿಗೂ ‘ಅಡ್ಜಸ್ಟರ್’. ಅಲ್ಲಿ ಅದು ಪಕ್ಕಾ ದುಡ್ಡಿನ ಮಾತು. ಮನುಷ್ಯ ತನ್ನನ್ನು ತಾನೇ ಪರಿಸರಕ್ಕೆ ಹೊಂದಿಸಿಕೊಳ್ಳುವುದು ಎಂಬ ಬಳಕೆ ಗಟ್ಟಿಯಾಗಿ ಬೇರೂರಿದ್ದು 20ನೇ ಶತಮಾನದಲ್ಲಿ, ಮನಶ್ಶಾಸ್ತ್ರದ ಮಾತು ಜನಪ್ರಿಯವಾದ ಮೇಲೆ. ನಮ್ಮ ಕೈಗೆ ಸಿಕ್ಕ ಈ ಅರ್ಥ ಹಳೆಯದೂ ಅಲ್ಲ, ಸನಾತನವೂ ಅಲ್ಲ. ಇದನ್ನು ಅಜ್ಜಿಯರ ಕಾಲದ ವಿವೇಕ ಎಂಬಂತೆ ಬೋಧಿಸುವವರಿಗೆ ಇಷ್ಟು ಗೊತ್ತಿದ್ದರೆ ಒಳ್ಳೆಯದು.

ಈಗ ಕನ್ನಡಕ್ಕೆ ಬರೋಣ. ಕನ್ನಡ ಹೊರಗಿನ ಕ್ರಿಯಾಪದವನ್ನು ಒಳಗೆ ಬಿಟ್ಟುಕೊಳ್ಳುವ ಬಾಗಿಲುಗಳು ಹಲವು. ಸಂಸ್ಕೃತದ ಪದವಾದರೆ ‘ಇಸು’ ಹಚ್ಚುತ್ತೇವೆ: ಯೋಚಿಸು, ಪ್ರೀತಿಸು. ಹಿಂದೂಸ್ತಾನಿಯಿಂದ ಬಂದದ್ದಕ್ಕೂ ಹಾಗೆಯೇ: ಚಲಾಯಿಸು, ಜಮಾಯಿಸು. ಇಂಗ್ಲಿಷಿಗೆ ಬಂದಾಗ ‘ಅಡ್ಜಸ್ಟಿಸು’ ಎಂದು ಯಾರೂ ಹೇಳುವುದಿಲ್ಲ; ‘ಮಾಡು’, ‘ಆಗು’ಗಳ ಹೆಗಲಿಗೆ ಹಾಕುತ್ತೇವೆ. ಆ ಹೆಗಲಿನ ಆಚೆಗೆ ಇನ್ನೆರಡು ಸಹಾಯಕ ಧಾತುಗಳಿವೆ. ಒಂದು ‘ಕೊಡು’, ಇನ್ನೊಂದು ‘ಕೊಳ್ಳು’. ನನ್ನ ಕಿವಿಗೆ ಬಿದ್ದಷ್ಟರಲ್ಲಿ ಇವೆರಡರ ಹಂಚಿಕೆಯಲ್ಲಿ ಎಂದೂ ಗೊಂದಲವಿಲ್ಲ. ರೈಲಿನಲ್ಲಿ ಸೀಟು ಸಿಗದವನು ಟಿಕೆಟ್ ತಪಾಸಕರ ಹಿಂದೆ ಹೋಗುತ್ತ ‘ಸಾರ್, ಸ್ವಲ್ಪ ಅಡ್ಜಸ್ಟ್ ಮಾಡಿಕೊಡಿ’ ಅನ್ನುತ್ತಾನೆ. ಬಾಡಿಗೆ ಎರಡು ದಿನ ತಡವಾದವಳು ‘ಆಂಟಿ, ಈ ಸಲ ಅಡ್ಜಸ್ಟ್ ಮಾಡಿಕೊಡಿ’ ಅನ್ನುತ್ತಾಳೆ. ಕೆಳಗೆ ನಿಂತವರು ಮೇಲೆ ನೋಡಿ ಕೇಳುವಾಗ ‘ಕೊಡಿ’. ಮೇಲೆ ಕೂತವರು ಕೆಳಗೆ ನೋಡಿ ಹೇಳುವಾಗ ‘ಕೊಳ್ಳಿ’. ಕೊಳ್ಳು ಎಂಬ ಧಾತುವಿಗೆ ಬೆಲೆ ತೆತ್ತು ಖರೀದಿಸು ಎಂಬ ಅರ್ಥವೂ ಇದೆಯಲ್ಲ. ಈ ಬಳಕೆಯಲ್ಲಿ ಆ ಅರ್ಥ ಪೂರ್ತಿ ಸತ್ತಿಲ್ಲ ಎಂದೇ ನನ್ನ ಅನುಮಾನ. ಅಡ್ಜಸ್ಟ್ ಮಾಡಿ, ಅದರ ಬೆಲೆಯನ್ನು ನೀವೇ ತೆತ್ತುಕೊಳ್ಳಿ.

ಇದನ್ನು ಇಂಗ್ಲಿಷಿನ ತಪ್ಪು ಎನ್ನಲಾರೆ. ‘ಇಂಗ್ಲಿಷ್ ಪದ ಬಿಟ್ಟು ಹೊಂದಿಕೊ ಅನ್ನಿ, ಸಾಕು’ ಎನ್ನುವ ಕನ್ನಡದ ಕಟ್ಟಾಳುಗಳ ಬಗ್ಗೆಯೂ ನನಗೆ ಸಮಾಧಾನವಿಲ್ಲ. ನಮ್ಮಲ್ಲಿ ಈ ಉಪದೇಶಕ್ಕೆ ಪದಗಳ ಬರ ಯಾವತ್ತು ಇತ್ತು? ಹೊಂದಿಕೊಂಡು ಹೋಗು, ಅನುಸರಿಸಿಕೊಂಡು ಹೋಗು, ತಗ್ಗಿಬಗ್ಗಿ ನಡಿ, ತಾಳಿದವನು ಬಾಳಿಯಾನು. ಉತ್ತರ ಕರ್ನಾಟಕದ ಗೆಳೆಯರು ‘ಸುಧಾರಿಸ್ಕೋ’ ಅನ್ನುತ್ತಾರೆ. ಇವುಗಳಲ್ಲಿ ಹಲವದರಲ್ಲಿ ಅದೇ ‘ಕೊ’ ಇದೆ, ಎಲ್ಲದರಲ್ಲೂ ಅದೇ ಹೊರೆ ಇದೆ. ಆದರೂ ಒಂದು ವ್ಯತ್ಯಾಸ ಕಾಣುತ್ತದೆ. ‘ಸಹಿಸಿಕೋ’ ಎಂದು ಬಾಯಿಬಿಟ್ಟು ಹೇಳಿದರೆ ಸಹಿಸುವಂಥದ್ದು ಏನೋ ಇದೆ ಎಂದು ಹೇಳುವವರೇ ಒಪ್ಪಿದಂತಾಯಿತು. ನೋವು ವಾಕ್ಯದಲ್ಲೇ ಇದೆ. ‘ತಗ್ಗಿ ನಡಿ’ ಅಂದರೆ ಎದುರಿಗೆ ಎತ್ತರದವನೊಬ್ಬ ಇದ್ದಾನೆ ಎಂದಾಯಿತು. ‘ಅಡ್ಜಸ್ಟ್’ ಬಂದು ಇವೆರಡನ್ನೂ ಅಳಿಸಿತು. ನೋವೂ ಇಲ್ಲ, ಎತ್ತರದವನೂ ಇಲ್ಲ. ಒಂದು ಸಣ್ಣ ತಾಂತ್ರಿಕ ದುರಸ್ತಿ ಮಾತ್ರ. ಸೊಸೆಗೆ ಸಹಿಸಿಕೋ ಎನ್ನಲು ಇವತ್ತಿನ ತಾಯಿಗೆ ನಾಚಿಕೆಯಾಗುತ್ತದೆ. ಅಡ್ಜಸ್ಟ್ ಮಾಡ್ಕೊ ಎನ್ನಲು ಆಗುವುದಿಲ್ಲ. ಆ ನಾಚಿಕೆಯನ್ನು ಕಳೆಯುವುದಕ್ಕೇ ನಮಗೆ ಇಂಗ್ಲಿಷ್ ಬೇಕಾಗಿತ್ತು.

ಈ ಧಾತು ಮರ್ಯಾದೆಯಿಂದ ಬದುಕುತ್ತಿರುವ ಜಾಗವೂ ನಮ್ಮ ಪಶ್ಚಿಮ ಬೆಂಗಳೂರಿನಲ್ಲೇ ಇದೆ. ರಾಜಾಜಿನಗರದ ಕೈಗಾರಿಕಾ ಪ್ರದೇಶದಿಂದ ಕಾಮಾಕ್ಷಿಪಾಳ್ಯದ ಕಡೆಗೆ ನಡೆದರೆ ಲೇತ್ ಯಂತ್ರಗಳ ಸಣ್ಣ ಸಣ್ಣ ಶೆಡ್ಡುಗಳು, ದ್ವಿಚಕ್ರ ವಾಹನಗಳ ಗ್ಯಾರೇಜುಗಳು ಸಾಲಾಗಿ ಸಿಗುತ್ತವೆ. ಅಲ್ಲಿ ಈ ಪದ ಬೆಳಗಿನಿಂದ ರಾತ್ರಿವರೆಗೆ ಓಡಾಡುತ್ತದೆ. ಚೈನ್ ಅಡ್ಜಸ್ಟ್ ಮಾಡಬೇಕು, ಕ್ಲಚ್ ಅಡ್ಜಸ್ಟ್ ಮಾಡಬೇಕು, ಟ್ಯಾಪೆಟ್ ಅಡ್ಜಸ್ಟ್ ಆಗಿಲ್ಲ. ಟ್ಯಾಪೆಟ್ ಅನ್ನುವುದು ಇಂಜಿನ್ನಿನ ವಾಲ್ವನ್ನು ತೆರೆಯಿಸಿ ಮುಚ್ಚಿಸುವ ಭಾಗ. ಅಲ್ಲಿ ಕೂದಲೆಳೆಯಷ್ಟು ಸಂದು ಬಿಡಬೇಕು. ಮಿಲಿಮೀಟರಿನ ನೂರನೇ ಭಾಗಗಳಲ್ಲಿ ಅದರ ಲೆಕ್ಕ. ಮೆಕ್ಯಾನಿಕ್ ಫೀಲರ್ ಗೇಜ್ ಎಂಬ ತೆಳು ಉಕ್ಕಿನ ಪಟ್ಟಿಯನ್ನು ಆ ಸಂದಿಯಲ್ಲಿ ತೂರಿಸಿ, ಅದು ಎಷ್ಟು ಬಿಗಿಯಾಗಿ ಜಾರುತ್ತದೆ ಎಂದು ಬೆರಳಿನಲ್ಲೇ ಅಳೆದು ನಟ್ಟು ತಿರುಗಿಸುತ್ತಾನೆ. ಸಂದು ಜಾಸ್ತಿಯಾದರೆ ಇಂಜಿನ್ ಕಟಕಟ ಶಬ್ದ ಮಾಡುತ್ತದೆ. ಸಂದೇ ಇಲ್ಲದಂತೆ ಬಿಗಿದರೆ ಶಬ್ದವೇನೋ ನಿಲ್ಲುತ್ತದೆ, ಆದರೆ ವಾಲ್ವು ಪೂರ್ತಿ ಮುಚ್ಚದೆ ಒಳಗೊಳಗೇ ಸುಟ್ಟುಹೋಗುತ್ತದೆ. ಶಬ್ದ ಬರುತ್ತಿಲ್ಲ ಎಂದ ಮಾತ್ರಕ್ಕೆ ಇಂಜಿನ್ ಚೆನ್ನಾಗಿದೆ ಎಂದು ಯಾವ ಮೆಕ್ಯಾನಿಕ್ಕೂ ತಿಳಿಯುವುದಿಲ್ಲ. ಇದನ್ನು ನಮ್ಮ ಮನೆಗಳಿಗೆ ಯಾರು ಹೇಳಬೇಕು?

ಗ್ಯಾರೇಜಿನ ಅಡ್ಜಸ್ಟಿಗೆ ಕರ್ಮವಿದೆ, ಅಳತೆಯಿದೆ. ಮಿತಿಯೂ ಇದೆ. ಚೈನು ಸವೆದು ಉದ್ದವಾಗುತ್ತ ಹೋದಂತೆ ಹಿಂದಿನ ಚಕ್ರವನ್ನು ಗುರುತಿನಿಂದ ಗುರುತಿಗೆ ಹಿಂದಕ್ಕೆ ಸರಿಸುತ್ತಾರೆ. ಕೊನೆಯ ಗುರುತು ಮುಟ್ಟಿದ ಮೇಲೆ ಚೈನನ್ನೇ ಬದಲಿಸಬೇಕು. ‘ಇನ್ನು ಅಡ್ಜಸ್ಟ್ ಆಗಲ್ಲ ಸಾರ್, ಬೇರೆ ಹಾಕ್ಬೇಕು.’ ಈ ವಾಕ್ಯ ಮೆಕ್ಯಾನಿಕ್ಕಿನ ಬಾಯಲ್ಲಿ ಎಷ್ಟು ಸಹಜವಾಗಿ ಬರುತ್ತದೆ! ಇದೇ ವಾಕ್ಯವನ್ನು ಒಬ್ಬ ಹೆಂಗಸು ತನ್ನ ಮದುವೆಯ ಬಗ್ಗೆ, ಒಬ್ಬ ಸಂಶೋಧನಾರ್ಥಿ ತನ್ನ ವಿಭಾಗದ ಬಗ್ಗೆ ಹೇಳಿದರೆ ಕೇಳಿದವರ ಮುಖ ಹೇಗಾಗುತ್ತದೆ ನೋಡಿ. ಕಬ್ಬಿಣಕ್ಕೆ ಇರುವ ಕೊನೆಯ ಗುರುತು ಮನುಷ್ಯರಿಗೆ ಇಲ್ಲ.

ಅದಕ್ಕೆ ಕಾರಣ ಆ ‘ಸ್ವಲ್ಪ’. ಸು ಮತ್ತು ಅಲ್ಪ ಸೇರಿ ಸ್ವಲ್ಪ, ಅಂದರೆ ತೀರಾ ಕಡಿಮೆ. ನಟ್ಟಿಗೆ ಸ್ವಲ್ಪ ಎಂದರೆ ಕಾಲು ಸುತ್ತು. ಪೀಜಿಯಲ್ಲಿ ಸ್ವಲ್ಪ ಎಂದರೆ ಇಬ್ಬರ ಕೋಣೆಗೆ ಮೂರನೆಯ ಮಂಚ, ಆಮೇಲೆ ನಾಲ್ಕನೆಯದು. ಬಸವೇಶ್ವರನಗರದಲ್ಲಿ ನಾವು ಮೂವರು ಗೆಳತಿಯರು ಮನೆ ಹುಡುಕಿದಾಗ ‘ಸ್ವಲ್ಪ’ ಎಷ್ಟು ದೊಡ್ಡದಾಗಬಲ್ಲದು ಎಂದು ತಿಳಿಯಿತು. ಹತ್ತು ತಿಂಗಳ ಬಾಡಿಗೆ ಮುಂಗಡ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ. (2021ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾದರಿ ಬಾಡಿಗೆ ಕಾಯಿದೆ ವಾಸದ ಮನೆಗೆ ಎರಡು ತಿಂಗಳು ಸಾಕು ಎನ್ನುತ್ತದೆ. ನಾವು ನೋಡಿದ ಯಾವ ಮನೆಯ ಮಾಲೀಕರಿಗೂ ಆ ಮಾದರಿ ಹಿಡಿಸಿದಂತೆ ಕಾಣಲಿಲ್ಲ.) ರಾತ್ರಿ ಒಂಬತ್ತಕ್ಕೆ ಗೇಟು, ಅಡ್ಜಸ್ಟ್ ಮಾಡ್ಕೊಳ್ಳಿ. ಮೊಟ್ಟೆ ಕೂಡ ಬೇಯಿಸುವಂತಿಲ್ಲ, ಅಡ್ಜಸ್ಟ್ ಮಾಡ್ಕೊಳ್ಳಿ. ‘ನೀವು ಯಾವ ಜನ?’ ಎಂಬ ಪ್ರಶ್ನೆಗೆ ನಮ್ಮಲ್ಲೊಬ್ಬಳು ನಿಜ ಹೇಳಿದ ಮೇಲೆ ಮಾತ್ರ ಆ ಪದ ಅಲ್ಲಿ ಮತ್ತೆ ಕೇಳಿಸಲಿಲ್ಲ. ಮನೆ ಬೇರೆಯವರಿಗೆ ಮಾತಾಗಿದೆ ಎಂದರು. ಗಮನಿಸಿ: ಅಡ್ಜಸ್ಟ್ ಮಾಡಿಕೊಳ್ಳುವ ಅವಕಾಶವೂ ಇಲ್ಲದವರು ಇದೇ ಊರಿನಲ್ಲಿದ್ದಾರೆ. ಆ ಉದಾರತೆಯ ವಾಕ್ಯ ಅವರನ್ನು ಮುಟ್ಟುವುದೇ ಇಲ್ಲ.

‘ಕನ್ನಡಿಗರು ಎಲ್ಲರಿಗೂ ಅಡ್ಜಸ್ಟ್ ಆಗ್ತಾರೆ’ ಎಂಬ ಮಾತನ್ನು ಹೊರಗಿನವರು ಮೆಚ್ಚುಗೆಯಾಗಿಯೂ ನಮ್ಮವರು ದೂರಾಗಿಯೂ ಹೇಳುವುದು ಈಚೆಗೆ ಜಾಸ್ತಿಯಾಗಿದೆ. ದೂರಿನಲ್ಲಿ ಹುರುಳಿದೆ. ಹತ್ತು ವರ್ಷ ಇಲ್ಲಿದ್ದು ಒಂದು ವಾಕ್ಯ ಕನ್ನಡ ಕಲಿಯದವನಿಗಾಗಿ ಅಂಗಡಿಯವನೂ ಕಂಡಕ್ಟರೂ ಆಟೋ ಚಾಲಕನೂ ಹಿಂದಿ ಕಲಿಯಬೇಕಾಗಿ ಬಂದಾಗ, ಅದನ್ನು ಉದಾರತೆ ಎಂದು ಹೊಗಳುವುದು ಕೂಡ ಒಂದು ‘ಕೊಳ್ಳಿ’ಯೇ. ಆದರೆ ಈ ದೂರು ಹೇಳುವ ನಮ್ಮವರೇ ಬಾಡಿಗೆಗೆ ಬಂದ ಕನ್ನಡದ ಹುಡುಗಿಯ ಜಾತಿ ಕೇಳುವಾಗ ಯಾರಿಗೆ ಯಾರು ಅಡ್ಜಸ್ಟ್ ಆಗುತ್ತಿದ್ದಾರೆ? ಭಾಷೆಯ ಮಾತಿಗೆ ಬೀದಿಗಿಳಿಯುವ ಸಿಟ್ಟು ‘ಟು ಲೆಟ್’ ಹಲಗೆಯ ಎದುರು ಎಲ್ಲಿ ಹೋಗುತ್ತದೆ ಎಂದು ಕೇಳುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ನಾಮಪದವಾದಾಗ ಈ ಧಾತು ಇನ್ನೂ ಕರಾಳವಾಗುತ್ತದೆ. ರಾಜಕೀಯ ವರದಿಗಳಲ್ಲಿ ‘ಅಡ್ಜಸ್ಟ್‌ಮೆಂಟ್ ರಾಜಕಾರಣ’ ಎಂದರೆ ಎದುರಾಳಿಗಳು ಒಳಗೊಳಗೇ ಒಬ್ಬರಿಗೊಬ್ಬರು ಅನುಕೂಲ ಮಾಡಿಕೊಡುವುದು. ದೊಡ್ಡವರ ನಡುವೆ ಮಾತ್ರ ಅದು ಕೊಡುಕೊಳ್ಳುವ ವ್ಯವಹಾರ, ಎರಡೂ ಕಡೆಗೆ ಲಾಭ. ಸಿನಿಮಾದಲ್ಲಿ ಆ ಪದದ ಅರ್ಥ ಏನೆಂದು ನಟಿಯಾಗಲು ಹೊರಟ ಹುಡುಗಿಯರಿಗೆ ಮೊದಲ ವಾರದಲ್ಲೇ ತಿಳಿಯುತ್ತದೆ. ಮಲಯಾಳಂ ಚಿತ್ರರಂಗದ ಹೆಣ್ಣುಮಕ್ಕಳ ಸ್ಥಿತಿಯ ಬಗ್ಗೆ ನ್ಯಾಯಮೂರ್ತಿ ಹೇಮಾ ಸಮಿತಿ ಕೊಟ್ಟ ವರದಿ 2024ರ ಆಗಸ್ಟ್ 19ರಂದು ಹೊರಬಂದಾಗ, ಲೈಂಗಿಕ ಬೇಡಿಕೆಗೆ ಅಲ್ಲಿ ಬಳಸುವ ಸಂಕೇತಪದಗಳೆಂದು ಅದು ಗುರುತಿಸಿದ್ದು ಎರಡನ್ನು: ‘ಕಾಂಪ್ರಮೈಸ್’ ಮತ್ತು ‘ಅಡ್ಜಸ್ಟ್‌ಮೆಂಟ್’. ಮುಂದಿನ ತಿಂಗಳೇ ಕನ್ನಡ ಚಿತ್ರರಂಗದ ಫೈರ್ ಸಂಘಟನೆ ಇಲ್ಲೂ ಅಂಥದೇ ಸಮಿತಿ ಬೇಕೆಂದು ಮುಖ್ಯಮಂತ್ರಿಗೆ ಮನವಿ ಕೊಟ್ಟಿತು. ಟೀ ಶರ್ಟಿನ ಮೇಲಿನ ಮುದ್ದಾದ ಪದವೂ ಆ ವರದಿಯ ಪದವೂ ಬೇರೆ ಬೇರೆ ಎಂದು ನೀವು ಹೇಳಬಹುದು. ನಾನು ಒಪ್ಪುವುದಿಲ್ಲ. ಕೇಳುವವನ ಹೆಸರನ್ನೂ ಕೇಳಿದ್ದು ಏನೆಂಬುದನ್ನೂ ಮುಚ್ಚಿಡುವ ಶಕ್ತಿ ಅದಕ್ಕೆ ಇದ್ದದ್ದರಿಂದಲೇ ಅಲ್ಲಿಗೆ ಅದು ಬೇಕಾಯಿತು.

ಹಾಗಾದರೆ ಬಸ್ಸಿನಲ್ಲಿ ಯಾರಿಗೂ ಜಾಗ ಬಿಡಬಾರದೇ ಎಂದು ಕೇಳುವವರಿದ್ದಾರೆ. ಬಿಡಬೇಕು. ನಮ್ಮ ನೇರಳೆ ಮೆಟ್ರೋದ ಉದ್ದನೆಯ ಆಸನದಲ್ಲಿ ಏಳು ಜನ ಕೂತಿರುವಾಗ ಬಸುರಿಯೊಬ್ಬಳು ಬಂದರೆ ಏಳೂ ಜನ ಎರಡೆರಡು ಇಂಚು ಸರಿದು ಎಂಟನೆಯ ಜಾಗ ಹುಟ್ಟಿಸುತ್ತಾರೆ. ಅದನ್ನು ದಿನವೂ ಅತ್ತಿಗುಪ್ಪೆಯಿಂದ ಕೆಂಗೇರಿಯವರೆಗೆ ನೋಡುತ್ತೇನೆ, ಪ್ರತಿ ಸಲ ಖುಷಿಯಾಗುತ್ತದೆ. ಹತ್ತಿರಕ್ಕೆ ಬರುವುದು ಎಂಬ ಆ ಲ್ಯಾಟಿನ್ ಅರ್ಥ ಅಲ್ಲಿ ಚೆನ್ನಾಗಿ ಉಳಿದಿದೆ. ಆದರೆ ಅಲ್ಲಿ ಏನಾಯಿತು ನೋಡಿ: ಸರಿದವರು ಎಲ್ಲರೂ, ಸರಿದದ್ದು ಇಷ್ಟೇ ಇಂಚು, ಎಷ್ಟು ಹೊತ್ತು ಎಂಬುದೂ ಗೊತ್ತು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನ ಕಥೆ ಕೊಂಚ ಬದಲಾಯಿತು. ಹೆಂಗಸರು ತುಂಬಿದ ಬಸ್ಸಿನಲ್ಲಿ ‘ಫ್ರೀ ಟಿಕೆಟ್ ತಾನೆ, ನಿಂತ್ಕೊಂಡು ಅಡ್ಜಸ್ಟ್ ಮಾಡ್ಕೊಳ್ಳಿ’ ಎಂದು ಗೊಣಗುವ ಗಂಡಸರ ದನಿ ನಾನೇ ಕೇಳಿದ್ದೇನೆ. ಅದೇ ಸೀಟು, ಅದೇ ಪದ. ‘ಎಲ್ಲರೂ’ ಹೋಗಿ ‘ನೀವು’ ಆಯಿತು.

ಅಮೆರಿಕದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಇದೇ ಧಾತುವಿನ ಮೇಲೆ ಕೈಯಿಟ್ಟಿದ್ದರು. ಮನಶ್ಶಾಸ್ತ್ರಜ್ಞರ ಬಾಯಲ್ಲಿ ‘ಮ್ಯಾಲ್‌ಅಡ್ಜಸ್ಟೆಡ್’ ಎಂಬ ಪದ ಎಲ್ಲಿ ನೋಡಿದರಲ್ಲಿ ಓಡಾಡುತ್ತಿದ್ದ ಕಾಲ ಅದು. ಕಿಂಗ್ ಹಲವು ಭಾಷಣಗಳಲ್ಲಿ, 1967ರಲ್ಲಿ ಮನಶ್ಶಾಸ್ತ್ರಜ್ಞರ ಸಮ್ಮೇಳನಕ್ಕೇ ಹೋಗಿ, ಸಮಾಜದಲ್ಲಿ ಕೆಲವು ಸಂಗತಿಗಳಿಗೆ ಹೊಂದಿಕೊಳ್ಳದೆ ಇರುವುದೇ ಆರೋಗ್ಯ, ಜನಾಂಗಭೇದಕ್ಕೆ ಹೊಂದಿಕೊಳ್ಳಲಾರದವನು ನಾನು, ಹಾಗಿರುವುದು ನನಗೆ ಹೆಮ್ಮೆ ಎಂಬ ಅರ್ಥದ ಮಾತಾಡಿದರು. ರೋಗದ ಹೆಸರನ್ನು ಕಸಿದು ಪದಕದಂತೆ ಎದೆಗೆ ಸಿಕ್ಕಿಸಿಕೊಂಡರು. ‘ಹೊಂದಿಕೊಳ್ಳದವಳು’ ಎಂಬುದು ನಮ್ಮಲ್ಲಿ ಇನ್ನೂ ಬೈಗುಳವೇ.

ಅಂಥ ಬೈಗುಳಕ್ಕೆ ಹೆದರದ ಹೆಂಗಸರನ್ನು ಈ ಊರು ಒಮ್ಮೆ ನೋಡಿದೆ. 2016ರ ಫೆಬ್ರವರಿ 10ರಂದು ಕೇಂದ್ರ ಸರ್ಕಾರ ಭವಿಷ್ಯನಿಧಿಯ ನಿಯಮ ಬದಲಿಸಿತು. ಕೆಲಸ ಬಿಟ್ಟವರು ತಮ್ಮ ಖಾತೆಯಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದಿತು. ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಹೆಂಗಸರು. ಹೊಲಿಗೆ ಯಂತ್ರದ ಮುಂದೆ 58ರವರೆಗೆ ಕೂರುವವರು ಅಪರೂಪ. ಕೆಲಸ ಬಿಟ್ಟು ಆ ದುಡ್ಡು ತೆಗೆದು ಸಾಲ ತೀರಿಸುವುದು, ಮಗಳ ಮದುವೆ ಮಾಡುವುದು, ಮನೆಗೆ ಶೀಟು ಹೊದಿಸುವುದು ಅವರ ಲೆಕ್ಕಾಚಾರ. ಏಪ್ರಿಲ್ 18ರ ಬೆಳಿಗ್ಗೆ ಅವರು ಕಾರ್ಖಾನೆಗಳಿಂದ ಹೊರಬಂದು ಹೊಸೂರು ರಸ್ತೆಯನ್ನು ತಡೆದರು. ಮರುದಿನ ಅದು ಪೀಣ್ಯ, ಜಾಲಹಳ್ಳಿ ಕ್ರಾಸ್ ಕಡೆಗೂ ತುಮಕೂರು ರಸ್ತೆಗೂ ಹಬ್ಬಿತು. ಕರೆ ಕೊಟ್ಟ ನಾಯಕರಿರಲಿಲ್ಲ, ವೇದಿಕೆ ಇರಲಿಲ್ಲ. ಲಾಠಿ ಬೀಸಿದರು, ಕಲ್ಲು ಬಿತ್ತು, ಬಸ್ಸುಗಳು ಸುಟ್ಟವು. ಬಸ್ಸು ಸುಟ್ಟದ್ದನ್ನು ನಾನು ಸಮರ್ಥಿಸುವುದಿಲ್ಲ. ಆ ಎರಡು ದಿನಗಳ ಬಗ್ಗೆ ಮಾತಾಡುವವರೆಲ್ಲ ಬಸ್ಸಿನ ಬಗ್ಗೆ ಮಾತ್ರ ಮಾತಾಡುವುದನ್ನೂ ಸಮರ್ಥಿಸುವುದಿಲ್ಲ.

ಮೊದಲ ದಿನ ಸರ್ಕಾರ ಹೊಸ ನಿಯಮದ ಜಾರಿಯನ್ನು ಜುಲೈ 31ರವರೆಗೆ ಮುಂದೂಡಿತು. ಅದು ಸರ್ಕಾರಿ ಭಾಷೆಯಲ್ಲಿ ‘ಸ್ವಲ್ಪ’. ಇನ್ನು ಮೂರು ತಿಂಗಳು ತಳ್ಳೋಣ, ಅಷ್ಟರಲ್ಲಿ ಮರೆತುಹೋಗುತ್ತಾರೆ, ಇಲ್ಲವೇ ಹೊಂದಿಕೊಳ್ಳುತ್ತಾರೆ ಎಂಬ ಲೆಕ್ಕ ಅದರ ಹಿಂದೆ ಇದ್ದಿರಬೇಕು. ಹೆಂಗಸರು ಅದನ್ನು ತೆಗೆದುಕೊಳ್ಳಲಿಲ್ಲ; ಮರುದಿನ ಇನ್ನೂ ಹೆಚ್ಚು ಜನ ರಸ್ತೆಗೆ ಬಂದರು. ಏಪ್ರಿಲ್ 19ರಂದು ಕೇಂದ್ರ ಕಾರ್ಮಿಕ ಸಚಿವರು ಅಧಿಸೂಚನೆಯನ್ನೇ ಹಿಂದಕ್ಕೆ ಪಡೆಯುವುದಾಗಿ ಹೇಳಿದರು. ಬೆಂಗಳೂರಿನ ರಸ್ತೆಯಲ್ಲಿ ಕೂತವರಿಂದಾಗಿ ಇಡೀ ದೇಶದ ಕಾರ್ಮಿಕರಿಗೆ ತಮ್ಮ ದುಡ್ಡು ತಮ್ಮ ಕೈಗೆ ಸಿಗುವಂತಾಯಿತು. ನಿಯಮವನ್ನು ಸರಿಪಡಿಸುವುದು ಎಂಬ ಸಕರ್ಮಕ ಅರ್ಥದಲ್ಲಿ ಆ ಧಾತುವನ್ನು ಬಳಸಿದವರು ಅವರು. ಅವರಲ್ಲಿ ಬಹುಪಾಲು ಜನ ನಮ್ಮ ತರಬೇತಿ ಕೇಂದ್ರದ ಆ ಪಟ್ಟಿಯನ್ನು ನೋಡಿದವರಲ್ಲ.

ಪಟ್ಟಿ ಈಗಲೂ ಅಲ್ಲಿದೆ. ಪ್ರತಿ ಹೊಸ ಬ್ಯಾಚಿಗೆ ಅದನ್ನು ನೆರಳಚ್ಚು ಮಾಡಿ ಹಂಚುತ್ತಾರೆ. ಈ ವರ್ಷ ಅಲ್ಲಿ ಪಾಠ ಮಾಡುವವರು ಅದರ ಒಂದು ಸಾಲನ್ನಾದರೂ ತಿದ್ದಲಿ, ‘ಹೊಂದಿಕೊಳ್ಳು’ ಎಂಬುದರ ಮೊದಲು ‘ಹೊಂದಿಸು, ಸರಿಪಡಿಸು’ ಎಂದು ಬರೆಯಲಿ. ಉದಾಹರಣೆಗೆ ಚೈನು, ಲೆಕ್ಕ, ನಿಯಮ ಈ ಮೂರನ್ನು ಕೊಟ್ಟರೆ ಸಾಕು.